ಸಾದಲಿಯ ಸಂಬಂಧ

ಡಾಕ್ಟರ್ ಯೋಗನರಸಿಂಹ ಚಿಂತಾಮಣಿಯಲ್ಲಿ ದವಾಖಾನೆ ತೆರೆದು ಹದಿನೆಂಟು ವರ್ಷವಾಗಿತ್ತು. ಜ್ವರ, ಕೆಮ್ಮು, ಹಾವು ಕಡಿತ, ಏನೇ ಆದರೂ ಸುತ್ತಲಿನ ಹಳ್ಳಿಯವರಿಗೆ ಅವರೇ ದಿಕ್ಕು. ಅವರ ಕೈಗುಣವನ್ನು ಜನ ಹೊಗಳುತ್ತಿದ್ದರು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ನಂಬಿದ್ದು ಅವರ ಬಾಯನ್ನು. ಆ ಕಿವಿಗೆ ಬಿದ್ದ ಮಾತು ಬಾಗಿಲು ದಾಟುವುದಿಲ್ಲ ಎನ್ನುತ್ತಿದ್ದರು.

ಆ ಹೆಸರು ಕೇಳಿಯೇ 1957ರ ಕೊನೆಯಲ್ಲಿ ಚೆನ್ನರಾಯಪ್ಪ ಬಂದ. ಗೌರಿಬಿದನೂರಿನ ಮಿಡ್ಲ್ ಸ್ಕೂಲ್ ಮೇಷ್ಟ್ರು, ಇಪ್ಪತ್ತಾರರ ಪ್ರಾಯ. ಊರಲ್ಲೇ ಡಾಕ್ಟರಿದ್ದರೂ ಬಸ್ಸು ಬದಲಾಯಿಸಿಕೊಂಡು ಇಷ್ಟು ದೂರ ಬಂದಿದ್ದ. ತೊಡೆಯ ಮೇಲೊಂದು ಬಿಳಿಚಿದ ಮಚ್ಚೆ. ಯೋಗನರಸಿಂಹ ಅವನ ಕಣ್ಣು ಮುಚ್ಚಿಸಿ ಗುಂಡುಸೂಜಿ ತೆಗೆದುಕೊಂಡರು.

"ಚುಚ್ಚಿ ಸಾರ್, ನಾನು ತಯಾರಾಗಿದ್ದೀನಿ" ಎಂದ ಚೆನ್ನರಾಯಪ್ಪ.

ಅಷ್ಟರಲ್ಲಿ ಮೂರು ಸಲ ಚುಚ್ಚಿಯಾಗಿತ್ತು.

ಕುಷ್ಠ ಎಂಬ ಮಾತು ಕೇಳಿ ಅವನು ಗೋಡೆಗೆ ಒರಗಿ ಕೂತುಬಿಟ್ಟ. ಇದು ಅಂಟುವ ಬಗೆಯದಲ್ಲ, ಈಗ ಮಾತ್ರೆ ಬಂದಿದೆ, ಬಿಡದೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ ಎಂದು ಡಾಕ್ಟರು ತಾಳ್ಮೆಯಿಂದ ಹೇಳಿದರು. ಅವನು ಕೇಳಿದ್ದು ಒಂದೇ: "ಯಾರಿಗೂ ಗೊತ್ತಾಗಲ್ಲ ಅಲ್ವಾ ಸಾರ್?"

"ನನ್ನಿಂದ ಗೊತ್ತಾಗಲ್ಲ" ಎಂದರು ಯೋಗನರಸಿಂಹ.

ಅಂದಿನಿಂದ ತಿಂಗಳಿಗೊಮ್ಮೆ ಅವನು ತಪ್ಪದೆ ಬಂದ. ಮಚ್ಚೆ ಹರಡಲಿಲ್ಲ. ಆರನೆಯ ತಿಂಗಳಿಗೆ ಅಂಚಿನಲ್ಲಿ ಸ್ವಲ್ಪ ಸ್ಪರ್ಶವೂ ಮರಳಿತ್ತು.

ಅದೇ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಸಾದಲಿಯ ಮುನಿಶಾಮಪ್ಪ ಒಂದು ಗೊನೆ ಬಾಳೆಹಣ್ಣು ಹೊತ್ತುಕೊಂಡು ಬಂದರು. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ ಇದ್ದ ಅನುಕೂಲಸ್ಥರು. ಅವರ ಹೆಂಡತಿ ಅಕ್ಕಯ್ಯಮ್ಮನ ಉಬ್ಬಸಕ್ಕೆ ವರ್ಷಗಳಿಂದ ಯೋಗನರಸಿಂಹರದೇ ಔಷಧಿ.

"ನಮ್ ಶ್ಯಾಮಲಂಗೆ ಗಂಡು ಗೊತ್ತಾಯ್ತು ಡಾಕ್ಟ್ರೇ! ಗೌರಿಬಿದನೂರಿನ ಮೇಷ್ಟ್ರು, ಚೆನ್ನರಾಯಪ್ಪ ಅಂತ. ಬೀಡಿ ಮುಟ್ಟಲ್ಲ, ಬಂಗಾರದಂಥ ಹುಡ್ಗ." ಬೆಂಚನ್ನು ಹತ್ತಿರಕ್ಕೆಳೆದು ದನಿ ತಗ್ಗಿಸಿದರು. "ನಮ್ ಬಾಮೈದ ಅವನ್ನ ನಿಮ್ ಬಾಗ್ಲಲ್ಲಿ ನೋಡಿದ್ನಂತೆ. ಒಂದ್ ಮಾತು ಹೇಳ್ಬಿಡಿ. ಮೈಯಲ್ಲಿ ಏನೂ ಐಬಿಲ್ಲ ತಾನೆ?"

ಯೋಗನರಸಿಂಹ ಬರೆಯುತ್ತಿದ್ದ ಚೀಟಿಯಿಂದ ತಲೆಯೆತ್ತಲಿಲ್ಲ. ಎತ್ತಿದರೆ ಮುಖವೇ ಹೇಳಿಬಿಡುತ್ತದೆಂಬ ಭಯ.

"ನನ್ನ ಹತ್ರ ಯಾರು ಬರ್ತಾರೆ, ಯಾಕೆ ಬರ್ತಾರೆ ಅನ್ನೋದನ್ನ ನಾನು ಯಾರಿಗೂ ಹೇಳಲ್ಲ ಮುನಿಶಾಮಪ್ಪ. ನಾಳೆ ಯಾರಾದ್ರೂ ಬಂದು ನಿಮ್ಮ ಮಗಳ ವಿಷಯ ಕೇಳಿದ್ರೂ ಇದೇ ಉತ್ತರ. ಕೇಳ್ಬೇಕಾದ್ದನ್ನ ಹುಡುಗನನ್ನೇ ಕೇಳಿ."

ಮುನಿಶಾಮಪ್ಪ ಜೋರಾಗಿ ನಕ್ಕರು. "ಸರಿ ಬಿಡಿ, ನಿಮ್ ಕಟ್ಟಳೆ ನಿಮ್ಗೆ. ಕೆಟ್ಟದ್ದಿದ್ದಿದ್ರೆ ನನ್ಗೆ ಹೇಳ್ದೆ ಇರ್ತಿದ್ರಾ? ಅಷ್ಟು ಸಾಕು ನಂಗೆ."

ಅವರು ಸಂತೋಷವಾಗಿ ಹೊರಟುಹೋದರು. ಯೋಗನರಸಿಂಹ ಬಾಯಿ ಮುಚ್ಚಿಕೊಂಡದ್ದನ್ನೇ ಆ ಮನುಷ್ಯ ಭರವಸೆ ಮಾಡಿಕೊಂಡಿದ್ದ.

ರೋಗಿಯ ಗುಟ್ಟನ್ನು ಕೋರ್ಟು ಕೇಳಿದ ಹೊರತು ಬಿಡಬಾರದೆಂದು ಓದುವಾಗ ಕಲಿಸಿದ್ದರು. ಆದರೆ ಆ ಗುಟ್ಟಿನ ಇನ್ನೊಂದು ತುದಿಯಲ್ಲಿ ತಮ್ಮ ಕಣ್ಣೆದುರೇ ಬೆಳೆದ ಹುಡುಗಿ ಇದ್ದರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ.

ಭಾನುವಾರ ಅವರು ಚೆನ್ನರಾಯಪ್ಪನನ್ನು ಕಾಣಲು ಗೌರಿಬಿದನೂರಿಗೆ ಹೋದರು. ಬೀಗ ಹಾಕಿದ್ದ ಶಾಲೆಯ ಜಗಲಿಯ ಮೇಲೆ ಇಬ್ಬರೂ ಕೂತರು.

"ಮದುವೆ ಆಗ್ಬೇಡ ಅಂತ ನಾನು ಹೇಳಲ್ಲ" ಎಂದರು ಡಾಕ್ಟರು. "ಆದ್ರೆ ಆ ಹುಡುಗಿಗೆ ಹೇಳು. ಮುಚ್ಚಿಟ್ಟು ಕಟ್ಟಿದ ತಾಳಿ ಕಾನೂನಿನಲ್ಲೂ ನಿಲ್ಲದೆ ಹೋಗ್ಬಹುದು. ಕಾನೂನು ಹಾಗಿರ್ಲಿ, ದಿನಾ ನುಂಗೋ ಮಾತ್ರೆನ ಎಷ್ಟು ವರ್ಷ ಬಚ್ಚಿಡ್ತೀಯ?"

"ಹೇಳಿದ್ರೆ ಸಂಬಂಧ ಹೋಗುತ್ತೆ. ಊರಿಗೆ ಗೊತ್ತಾದ್ರೆ ಕೆಲಸಾನೂ ಹೋಗುತ್ತೆ. ಅಂಟಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್! ಮತ್ತೆ ಹೇಳೋ ಅಗತ್ಯ ಏನಿದೆ?"

"ಅಗತ್ಯ ಇದೆಯೋ ಇಲ್ವೋ ಅಂತ ತೀರ್ಮಾನ ಮಾಡೋಳು ಅವಳು. ನೀನೂ ಅಲ್ಲ, ನಾನೂ ಅಲ್ಲ."

ಚೆನ್ನರಾಯಪ್ಪನ ದನಿ ಬಿಗಿಯಿತು. "ನೀವು ಹೇಳ್ಬಿಡ್ತೀರಾ?"

"ನಿನಗೆ ಮಾತು ಕೊಟ್ಟಿದ್ದೀನಿ" ಎಂದಷ್ಟೇ ಹೇಳಿ ಯೋಗನರಸಿಂಹ ಎದ್ದರು.

ಮದುವೆಗೆ ಮೂರು ವಾರವಿತ್ತು. ಒಂದು ಕಳೆಯಿತು, ಇನ್ನೊಂದೂ ಅರ್ಧವಾಯಿತು. ಗೌರಿಬಿದನೂರಿನಿಂದ ಸುದ್ದಿಯಿಲ್ಲ. ಡಾಕ್ಟರಿಗೆ ಊಟ ರುಚಿಸದೆ ಹೋಯಿತು. ಏನಾಯಿತೆಂದು ಹೆಂಡತಿ ರಾಧಮ್ಮ ಕೇಳಿದರೆ ಬಿಸಿಲಿನ ಮೇಲೆ ಹಾಕಿದರು.

ಗುರುವಾರ ಶ್ಯಾಮಲಮ್ಮ ತಾಯಿಯನ್ನು ಕರೆದುಕೊಂಡು ಬಂದಳು. ಅಕ್ಕಯ್ಯಮ್ಮನಿಗೆ ಉಬ್ಬಸ ಏರಿತ್ತು. ಇಂಜೆಕ್ಷನ್ ಕೊಟ್ಟು ಒಳಗಿನ ಮಂಚದ ಮೇಲೆ ಮಲಗಿಸಿ ಯೋಗನರಸಿಂಹ ಹೊರಕೋಣೆಗೆ ಬಂದಾಗ ಹುಡುಗಿ ಅವರ ಮೇಜಿನ ಮುಂದೆ ನಿಂತಿದ್ದಳು. ಹತ್ತೊಂಬತ್ತು ವರ್ಷದವಳು; ಸೊಪ್ಪು ಕೊಯ್ದು ಕಪ್ಪಾದ ಬೆರಳುಗಳಲ್ಲಿ ಮಡಿಸಿದ ಕಾಗದ ಹಿಡಿದಿದ್ದಳು.

"ಅವ್ರು ನೆನ್ನೆ ಬಂದಿದ್ರು. ತೋಟದ ಹತ್ರ ನಿಂತು ಎಲ್ಲಾ ಹೇಳಿದ್ರು. ಇದನ್ನ ನಿಮ್ಗೆ ಕೊಡಕ್ಕೆ ಹೇಳಿದ್ರು."

ಮೇಷ್ಟ್ರ ದುಂಡಾದ ಅಕ್ಷರ: 'ಶ್ಯಾಮಲಮ್ಮನವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಿ. ನನ್ನ ಒಪ್ಪಿಗೆ ಇದೆ.' ಕೆಳಗೆ ರುಜು.

ಯೋಗನರಸಿಂಹ ಕುರ್ಚಿ ತೋರಿಸಿದರು. ಅವಳು ಕೂತು ಒಂದೊಂದಾಗಿ ಕೇಳಿದಳು. ಅಂಟುತ್ತಾ? ಹುಟ್ಟೋ ಮಕ್ಕಳಿಗೆ? ಬೆರಳು ಹೋಗ್ತವಾ? ವಾಸಿಯಾದ ಮೇಲೆ ತಿರುಗಿ ಬರುತ್ತಾ? ಅವರು ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ತಿಳಿದಷ್ಟು ಹೇಳಿದರು. ತಿರುಗಿ ಬರುವ ಸಂಭವ ಕಡಿಮೆ, ಇಲ್ಲವೇ ಇಲ್ಲ ಎನ್ನಲಾರೆ ಎಂದೂ ಹೇಳಿದರು.

"ನಿಮ್ ಮಗಳಾಗಿದ್ರೆ ಕೊಡ್ತಿದ್ರಾ?"

"ನನ್ನ ಮಗಳಾಗಿದ್ರೂ ಇಷ್ಟೇ ಹೇಳ್ತಿದ್ದೆ ಕಣಮ್ಮ. ಮಿಕ್ಕಿದ್ದು ಅವಳಿಗೇ ಬಿಡ್ತಿದ್ದೆ."

ಶ್ಯಾಮಲಮ್ಮ ತಲೆ ತಗ್ಗಿಸಿ ಹೇಳಿದಳು: "ನೀವು ಹೇಳಿದ್ದು ನಿಜ ಅಂತ ಗೊತ್ತು ಡಾಕ್ಟ್ರಪ್ಪ. ಅವ್ರೂ ಒಳ್ಳೆಯವ್ರೇ. ಆದ್ರೆ ನಂಗೆ ಭಯ. ಎಷ್ಟು ಹೇಳಿದ್ರೂ ಅದು ಕೇಳಲ್ಲ ಅಂತೈತೆ." ಕಣ್ಣೊರೆಸಿಕೊಂಡಳು. "ಅಪ್ಪಂಗೆ ಕಾರಣ ಹೇಳಿದ್ರೆ ಮೇಷ್ಟ್ರನ್ನ ಯಾರೂ ಬಾಳಗೊಡಲ್ಲ. ನನಗೇ ಹುಡ್ಗ ಇಷ್ಟ ಇಲ್ಲ ಅಂತೀನಿ."

"ಊರು ನಿನ್ನನ್ನ ಆಡಿಕೊಳ್ಳುತ್ತಮ್ಮ."

"ಆಡ್ಕೊಳ್ಳಿ."

ಆ ಕ್ಷಣ ಯೋಗನರಸಿಂಹರಿಗೆ ಹೆಗಲ ಹೊರೆ ಇಳಿದಂತಾಯಿತು. ಮರುಕ್ಷಣವೇ ನಾಚಿಕೆಯಾಯಿತು. ಆ ಹೊರೆಯನ್ನು ಎತ್ತಿಕೊಂಡು ಹೊರಟಿದ್ದವಳು ಯಾವ ಪ್ರಮಾಣವನ್ನೂ ಮಾಡದ ಹುಡುಗಿ.

ಅವಳು ಹೇಳಿದಂತೆಯೇ ಮಾಡಿದಳು. ಮುನಿಶಾಮಪ್ಪ ಹೊಡೆದರಂತೆ. ಆಮೇಲೆ ತಾವೇ ಎರಡು ದಿನ ಅನ್ನ ಮುಟ್ಟಲಿಲ್ಲವಂತೆ. ಅವಳಿಗೆ ಬೇರೆ ಯಾರ ಮೇಲೋ ಮನಸ್ಸಿದೆ ಎಂದು ನೀರಿನ ಕಟ್ಟೆಯಲ್ಲಿ ಮಾತಾಡಿಕೊಂಡರು. ಇಂಜೆಕ್ಷನ್ನಿಗೆ ಹೋದ ಮರುದಿನವೇ ಮಗಳ ಮನಸ್ಸು ತಿರುಗಿತೆಂದು ಮುನಿಶಾಮಪ್ಪನ ಅನುಮಾನ ಡಾಕ್ಟರ ಮೇಲೂ ಬಂತು.

"ನನ್ಗೆ ಬಾಯಿ ಬಿಡ್ದೋರು ನನ್ ಮಗಳ ಕಿವಿಗೆ ಏನು ಊದಿದ್ರಿ?" ಎಂದು ದವಾಖಾನೆಯಲ್ಲಿ ತುಂಬಿದ ಜನರ ಮುಂದೆಯೇ ಕೂಗಾಡಿದರು. ಯೋಗನರಸಿಂಹ ಕೈಕಟ್ಟಿ ನಿಂತು ಕೇಳಿಸಿಕೊಂಡರು. ಆಮೇಲೆ ಎರಡು ವರ್ಷ ಅಕ್ಕಯ್ಯಮ್ಮ ಉಬ್ಬಸಕ್ಕೆ ಚಿಕ್ಕಬಳ್ಳಾಪುರಕ್ಕೆ ಹೋದಳು. ಶ್ಯಾಮಲಮ್ಮನಿಗೂ ಅದೇ ಚಿಕ್ಕಬಳ್ಳಾಪುರದಲ್ಲಿ, ಎರಡು ವರ್ಷ ತಡವಾಗಿ, ಮದುವೆಯಾಯಿತು. ನಿಜವಾದ ಕಾರಣ ಸಾದಲಿಯಲ್ಲಿ ಯಾರಿಗೂ ತಿಳಿಯಲಿಲ್ಲ.

ಚೆನ್ನರಾಯಪ್ಪನ ಮಾತ್ರೆ 1962ರಲ್ಲಿ ಮುಗಿಯಿತು. ಕಡೆಯ ಸಲ ಪರೀಕ್ಷೆ ಮಾಡಿ ಡಾಕ್ಟರು ಇನ್ನು ಬರುವುದು ಬೇಡ ಎಂದಾಗ ಅವನು ಪಂಚೆ ಸರಿಮಾಡಿಕೊಂಡು ಬಾಗಿಲವರೆಗೆ ಹೋದವನು ತಿರುಗಿದ.

"ಒಂದು ಕೇಳ್ಲಾ ಸಾರ್? ಅವತ್ತು ನಾನು ಹೇಳದೆ ಹೋಗಿದ್ರೆ ನೀವು ಹೇಳ್ತಿದ್ರಾ?"

ಯೋಗನರಸಿಂಹ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ವಾರ ಎರಡು ಸಲ ಸಾದಲಿ ಬಸ್ಸು ಹತ್ತಿದ್ದೆ ಕಣಪ್ಪ. ಎರಡು ಸಲವೂ ಶಿಡ್ಲಘಟ್ಟದಲ್ಲಿ ಇಳಿದು ವಾಪಸ್ಸು ಬಂದೆ. ಮೂರನೇ ಸಲ ಏನ್ಮಾಡ್ತಿದ್ನೋ, ನನಗೇ ಗೊತ್ತಿಲ್ಲ."