ಕೀಲಿನ ಕಡೆಗೆ ಹೊಡಿ

ಸುರುಳಿ ಸುತ್ತಿದ ಮರದ ಸಿಪ್ಪೆಯೊಂದು ಕ್ಯಾಪ್ಟನ್ ಸಾಹೇಬರ ಬೂಟಿನ ಹಿಮ್ಮಡಿಗೆ ಅಂಟಿಕೊಂಡಿದೆ, ಕಾಲು ಒದರಿದರೂ ಬೀಳುತ್ತಿಲ್ಲ, ಬೀಳಬೇಡ, ಹಾಗೇ ಅಂಟಿಕೊಂಡಿರು ಎಂದು ಅವನು ಹಲ್ಲು ಕಚ್ಚಿಕೊಂಡು ನೋಡುತ್ತಲೇ ಇದ್ದ — ಅಪ್ಪನ ಸ್ಟೂಲಿನ ಮೇಲೆ, ಅಪ್ಪನ ಹೊರತು ಯಾರೂ ಕೂರದ ಸ್ಟೂಲಿನ ಮೇಲೆ ಈ ಮನುಷ್ಯ ಮಾವನ ಮನೆಗೆ ಬಂದ ಅಳಿಯನ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ, ಅಮ್ಮ ಬೇರೆ ಅಟ್ಟದಿಂದ ಹೊಸ ಲೋಟ ಇಳಿಸಿ ಚಹಾ ತಂದಿದ್ದಾಳೆ, ಸಕ್ಕರೆ ಸಾಕಾ ಸಾಹೇಬ್ರೇ, ಸಾಕಮ್ಮ, ನಿಮ್ಮ ಮಗ ಸೊರಗಿಬಿಟ್ಟಿದಾನಲ್ಲ, ಊಟ ಹಾಕ್ತೀರೋ ಇಲ್ವೋ, ಹಾಕದೆ ಏನು, ತಟ್ಟೆ ಮುಂದೆ ಕೂತು ಗೋಡೆ ನೋಡ್ತಾನೆ, ನೀವಾದ್ರೂ ಬುದ್ಧಿ ಹೇಳಿ. ಬುದ್ಧಿಯಂತೆ! ಸಮುದ್ರ ದಾಟಿ ಹೋಗಿ ಕೇಳಿದ್ದೆಲ್ಲ ಇವರ ಬುದ್ಧಿಯನ್ನೇ ಅಲ್ಲವೇ. ಅಪ್ಪ ಮಾತ್ರ ತಲೆ ಎತ್ತಿಲ್ಲ, ಹೊಸ ಬಾಗಿಲನ್ನು ಅಡ್ಡ ಮಲಗಿಸಿ ಕೀಲು ಕೂರುವ ಜಾಗವನ್ನು ಉಳಿಯಿಂದ ತೋಡುತ್ತಿದ್ದಾನೆ, ಟಕ್, ಟಕ್, ನಡುವೆ ಒಮ್ಮೆ ಊದಿ ಹೊಟ್ಟು ಹಾರಿಸುತ್ತಾನೆ. ಹೊಸ ತುಕಡಿ ಬಂದಿದೆ ಕಣೋ, ಸಾಹೇಬರು ಹೇಳುತ್ತಿದ್ದಾರೆ, ನೀನು ಮತ್ತೆ ಅಲ್ಲಿಗೆ ಹೋಗೋದೇನೂ ಬೇಡ, ಇಲ್ಲೇ ಶಿಬಿರದಲ್ಲಿ ಕಲಿಸಿಕೊಡು, ಚಹಾ ಮುಗಿಯೋದ್ರೊಳಗೆ ಹೂಂ ಅನ್ನು. ಹೊಸ ತುಕಡಿ. ಯುದ್ಧ ಮುಗಿಯಿತು ಎಂದು ಮಂತ್ರಿಗಳು ಕಳೆದ ತಿಂಗಳು ತಾನೇ ಟಿವಿಯಲ್ಲಿ ಕೈ ಮುಗಿದಿದ್ದರು.

ಏನು ಕಲಿಸೋದು ಸ್ವಾಮಿ ಇವನು, ಅಪ್ಪನ ಉಳಿ ನಿಂತಿತು. ನಿಮ್ಮ ವಿದ್ಯೆನೇ ಯಜಮಾನ್ರೇ, ಎಂದರು ಸಾಹೇಬರು, ನಗುತ್ತಾ, ಅಪ್ಪನ ಮುಖ ಒಂದು ಗಳಿಗೆ ಅರಳಿಬಿಟ್ಟಿತು, ಅರಳಬೇಡ ಅಪ್ಪಾ, ದಯವಿಟ್ಟು ಅರಳಬೇಡ, ಅಲ್ಲೂ ಬಾಗಿಲು ಕೂರಿಸ್ತಿದ್ನಾ ಇವನು, ಹೇಳಲೇ ಇಲ್ಲ ನೋಡಿ. ಕೂರಿಸೋದಲ್ಲ ಯಜಮಾನ್ರೇ, ಬೀಳಿಸೋದು! ಆ ನಗು. ಆ ದೇಶದ ಆ ಮೊದಲ ಬೀದಿಯಲ್ಲೂ ಇದೇ ನಗು, ಭರ್ತಿ ಕಾಗದದಲ್ಲಿ ಅಪ್ಪನ ಕಸುಬು ಬಡಗಿ ಅಂತ ಬರೆಸಿದ್ದೀಯಲ್ಲೋ, ಹೇಳು ನೋಡೋಣ, ಈ ಬಾಗಿಲಿಗೆ ಎಲ್ಲಿ ಹೊಡೆದರೆ ಬೀಳುತ್ತೆ — ಅವನೋ, ಉತ್ತರ ಗೊತ್ತಿರುವ ಹುಡುಗ ಬೆಂಚಿನ ಮೇಲಿಂದ ಎದ್ದು ನಿಂತಂತೆ, ಬೀಗದ ಕಡೆ ಅಲ್ಲ ಸಾರ್, ಕೀಲಿನ ಕಡೆ, ತಿರುಪು ಮರ ಕಚ್ಚಿರೋದು ಅರ್ಧ ಬೆರಳೂ ಇಲ್ಲ! ಅಪ್ಪ ಕೈ ಹಿಡಿದು ಕಲಿಸಿದ್ದು, ಇಲ್ಲಿ ಮರ ತೆಳ್ಳಗಿರುತ್ತೆ ಮಗಾ, ಇಲ್ಲಿ ನೋವಾಗದ ಹಾಗೆ ತೋಡಬೇಕು. ಅಂದಿನಿಂದ ಅವನ ಹೆಸರೇ ಬಡಗಿ, ಬಡಗಿ ಮುಂದೆ ಬಾ, ಬಾಗಿಲು ಒಡೆಯೋ ಕಬ್ಬಿಣದ ದಿಮ್ಮಿ ಎತ್ತು, ಬೀದಿಗೆ ಬೀದಿಯೇ ಬಾಗಿಲಿಲ್ಲದೆ ನಿಂತುಕೊಂಡಿತು. ಯಾತಕ್ಕೆ? ಕೇಳಿದರೆ ಅಲ್ಲಿನ ಜನ ನಮ್ಮನ್ನ ಕೈ ಬೀಸಿ ಕರೀತಿದ್ದಾರೆ ಎಂದರು ಮಂತ್ರಿಗಳು, ಯಾವ ಕೈಯಪ್ಪಾ, ಅವನು ಕಂಡಿದ್ದು ಒಂದೇ ಕೈ, ಹಿಟ್ಟು ಮೆತ್ತಿದ ನಾಲ್ಕು ಬೆರಳು. ಅದು ಬೇಡ. ಇಲ್ಲಿಯವರೇನು ಕಮ್ಮಿಯೇ, ಯುದ್ಧ ಬೇಡ ಎಂದು ಇದೇ ರಸ್ತೆಯಲ್ಲಿ ಗಂಟಲು ಹರಿದುಕೊಂಡವರು ಅವನು ಚೀಲ ಹೊತ್ತು ಬಸ್ಸಿಳಿದ ದಿನ ಮುಖ ತಿರುಗಿಸಿಕೊಂಡು ಹೋದರು, ಚಹಾದಂಗಡಿಯವನಂತೂ, ಯಾರು ಕರೆದಿದ್ರು ಅಂತ ಹೋದ್ಯಪ್ಪಾ, ನಿನಗೇನು ಕೆಲಸ ಇರಲಿಲ್ವಾ — ಇತ್ತು, ಕೆಲಸ ಇತ್ತು, ಅಪ್ಪ ಮರ ಕೆತ್ತುವ ಈ ಕೊಟ್ಟಿಗೆಯಲ್ಲೇ ಇತ್ತು, ಅದನ್ನು ಬಿಟ್ಟು ಹೋದದ್ದಕ್ಕೆ ಅವನಿಗೆ ಅವನ ಮೇಲೇ ಸಿಟ್ಟು, ಕಳಿಸಿದವರ ಮೇಲೆ ಸಿಟ್ಟು, ಕೂಗಿ ಮನೆಗೆ ಹೋಗಿ ಹೊದ್ದು ಮಲಗಿದವರ ಮೇಲೆ ಸಿಟ್ಟು, ಅಲ್ಲಿ ಆ ಬಾಗಿಲ ಮುಂದೆ ದಿಮ್ಮಿ ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತಿದೆ, ಭುಜದ ಪೂರ್ತಿ ಭಾರ ಅದರ ಮೇಲಿದೆ, ಅಷ್ಟರಲ್ಲಿ ಬಾಗಿಲು ತಾನಾಗಿಯೇ ಚೂರು ಸರಿಯಿತಲ್ಲ, ಚಿಲಕ ತೆಗೆದಿತ್ತು, ಒಳಗಿನವರು ತಾವೇ ತೆರೆಯುತ್ತಿದ್ದರು, ಅಂಚು ಹಿಡಿದು, ನಾಲ್ಕು ಬೆರಳು, ರೊಟ್ಟಿ ನಾದುತ್ತಿದ್ದ ಕೈಯನ್ನು ತೊಳೆದುಕೊಳ್ಳುವಷ್ಟೂ ಪುರುಸೊತ್ತಿಲ್ಲದೆ ಬಂದ ಬೆರಳು, ಹಿಂದಿನಿಂದ ಇದೇ ಸಾಹೇಬರು, ಹೊಡಿಯೋ ಬಡಗಿ, ಏನು ನೋಡ್ತೀಯ!

ಚಹಾ ಮುಗಿಯಿತು. ಏನಂತೀಯ ಬಡಗಿ. ಬರಲ್ಲ. ಯೋಚನೆ ಮಾಡು. ಬರಲ್ಲ ಅಂದೆ. ನೀನಲ್ಲದಿದ್ರೆ ಇನ್ನೊಬ್ಬ ಸಿಗ್ತಾನಪ್ಪ, ಏನಂದುಕೊಂಡೆ. ಸಿಗಲಿ ಸಾರ್, ಅವನಿಗೆ ಮೊದಲು ಬಾಗಿಲು ತಟ್ಟೋದು ಹೇಳಿಕೊಡಿ. ಅಮ್ಮ ಸೆರಗು ಬಾಯಿಗೊತ್ತಿಕೊಂಡಳು, ಸಾಹೇಬರು ಟೋಪಿ ಇಟ್ಟುಕೊಂಡು ಎದ್ದರು, ಹೋದರು, ಹೊರಗೆ ಜೀಪು ಹೊರಟ ಸದ್ದು, ಇನ್ನು ಅಪ್ಪ ಬಯ್ಯುತ್ತಾನೆ, ಬಯ್ಯಲಿ, ಕೈಲಿರುವ ಉಳಿಯನ್ನೇ ಎಸೆಯಲಿ, ಮನೆಯಿಂದಾಚೆ ನಡಿ ಅನ್ನಲಿ. ಅಪ್ಪ ತೋಡಿದ ಗುಳಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದಾನೆ. ಅಲ್ವೋ, ಎಂದ, ಆಮೇಲೆ ಅವನ್ನೆಲ್ಲ ಯಾರು ಕೂರಿಸಿದ್ರೋ? ಯಾವುದನ್ನ ಅಪ್ಪಾ? ಬಾಗಿಲುಗಳನ್ನ. ಗೊತ್ತಿಲ್ಲ. ಗಾಳಿ, ಚಳಿ, ಹೆಣ್ಣುಮಕ್ಕಳು ಮಲಗೋದು, ಯಾರೂ ಕೂರಿಸಲಿಲ್ವೇನೋ? ಗೊತ್ತಿಲ್ಲ ಅಪ್ಪಾ, ನಾವು ಮುಂದಿನ ಬೀದಿಗೆ ಹೋಗ್ತಿದ್ವಿ. ಅಪ್ಪ ಎದ್ದ, ಮಲಗಿದ್ದ ಬಾಗಿಲನ್ನು ಎತ್ತಿ ನಿಲ್ಲಿಸಿ ಅದರ ಹಿಂದೆ ಹೋದ, ಹಿಡ್ಕೋ ಬಾ ಆ ಕಡೆ, ಚೌಕಟ್ಟಿಗೆ ಕೂಡಿಸಿ ನೋಡೋಣ, ಅವನು ಕೈ ಚಾಚಿದ, ಚಾಚಿದ ಕೈ ಗಾಳಿಯಲ್ಲೇ ನಿಂತಿತು, ಅಪ್ಪನ ಮುಖ ಕಾಣುತ್ತಿಲ್ಲ, ಮೈ ಕಾಣುತ್ತಿಲ್ಲ, ಹಿಡ್ಕೊಳ್ಳೋ ಮಗಾ, ಭಾರ, ಹಿಡ್ಕೋತೀನಿ ಅಪ್ಪಾ ಹಿಡ್ಕೋತೀನಿ — ಬಾಗಿಲ ಅಂಚಿನಲ್ಲಿ ಹೊಟ್ಟು ಮೆತ್ತಿ ಬೆಳ್ಳಗಾದ ನಾಲ್ಕು ಬೆರಳು, ನಾಲ್ಕು ಬೆರಳು