ಒಂದು ಕಡಿಮೆ

"ಎಡಕ್ಕ ವಾಲಾಕ ಹತ್ಯಾರ ನೋಡ್ರಿ, ಹಿಡೀರಿ!" ಎಂದು ಕೆಳಗಿನ ಮನೆಯ ಶೇಖವ್ವ ಕೂಗಿದಳು.

ಅಮರೇಶ್ ಒಂದು ಕೈಯಿಂದ ದೊಡ್ಡಪ್ಪನ ಭುಜ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಕಪಾಟು ತಡಕಿ ಎರಡು ದಪ್ಪ ಪುಸ್ತಕಗಳನ್ನು ಎಳೆದ. ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸಿದ್ದ ಇರಣ್ಣನವರ ಸೊಂಟದ ಪಕ್ಕ ಒಂದರ ಮೇಲೊಂದು ಇಟ್ಟು ಒತ್ತಿದ. ದೇಹ ನೆಟ್ಟಗಾಯಿತು. ಹಣೆಯ ವಿಭೂತಿ ಉದುರಿ ಮೇಲಿನ ಪುಸ್ತಕದ ರಟ್ಟಿನ ಮೇಲೆ ಬಿತ್ತು. ಅಲ್ಲಿದ್ದ ಯುದ್ಧವಿಮಾನದ ಒಂದು ರೆಕ್ಕೆ ಬೆಳ್ಳಗಾಯಿತು.

"ಕಡೀಕರೆ ಒಂದು ಉಪಯೋಗಕ್ಕ ಬಂದವು," ಎಂದರು ಚನ್ನಬಸಮ್ಮ. ಗಂಡ ತೀರಿಕೊಂಡ ಮೇಲೆ ಅವರಾಡಿದ ಮೊದಲ ಮಾತು ಅದು.

ಟಿ. ದಾಸರಹಳ್ಳಿಯ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಂದು ಗೋಡೆ ತುಂಬ ಅವೇ ಪುಸ್ತಕಗಳು. ಯಾವ ದೇಶದ ವಾಯುಪಡೆಯಲ್ಲಿ ಯಾವ ವಿಮಾನ, ಎಷ್ಟಿವೆ, ರೆಕ್ಕೆ ಎಷ್ಟು ಉದ್ದ ಎಂದು ಹೇಳುವ ಇಂಗ್ಲಿಷ್ ಕೈಪಿಡಿಗಳು. ಎಲ್ಲವೂ ಹಳೆಯವು, ಯಾರೋ ಓದಿ ಗುಜರಿ ಅಂಗಡಿಗೆ ಹಾಕಿದವು. ಮಕ್ಕಳಿಲ್ಲದ ದೊಡ್ಡವ್ವನನ್ನು ಕಾರ್ಯ ಮುಗಿದ ಮೇಲೆ ಸರ್ಜಾಪುರದ ತನ್ನ ಫ್ಲಾಟಿಗೆ ಕರೆದೊಯ್ಯುವುದಾಗಿ ಅಮರೇಶ್ ಬೆಳಿಗ್ಗೆಯೇ ಹೇಳಿದ್ದ. "ಬುಕ್ಸ್ ಮಾತ್ರ ಕಷ್ಟ ದೊಡ್ಡವ್ವ. ಯಾರಾದ್ರೂ ಹಳೇ ಪೇಪರ್‌ನವ್ರಿಗೆ ಹೇಳ್ಬಿಡ್ತೀನಿ."

ಚನ್ನಬಸಮ್ಮ ತಲೆಯಾಡಿಸಿದ್ದರು. ಅವುಗಳ ಮೇಲೆ ಅವರಿಗೆ ಆಸೆಯಿರಲಿಲ್ಲ. ಗಂಡನನ್ನು ಕೇಳಬೇಕೆಂದುಕೊಂಡು ಮೂವತ್ತು ವರ್ಷ ಕೇಳದೆ ಉಳಿಸಿಕೊಂಡ ಒಂದು ಪ್ರಶ್ನೆಯಿತ್ತು. ಇನ್ನು ಅದಕ್ಕೆ ಉತ್ತರ ಕೊಡುವವರು ಯಾರೂ ಇರಲಿಲ್ಲ.

ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಗುಜರಿ ಅಂಗಡಿಯ ಕಾಡಪ್ಪ ನಿಂತಿದ್ದ. ಹೊರಗೆ ಅವನ ಟಿವಿಎಸ್ ಗಾಡಿ, ಅದರ ಹಿಂದೆ ಮಡಚಿ ಕಟ್ಟಿದ ಗೋಣಿಚೀಲಗಳು.

ಅಮರೇಶನಿಗೆ ಸಿಟ್ಟು ಬಂತು. "ಏನ್ರೀ, ಹೆಣ ಎತ್ತೋಕ್ ಮುಂಚೇನೇ ಬಂದ್ಬಿಟ್ರಾ? ಕಾರ್ಯ ಆಗೋವರ್ಗೂ ತಡ್ಕೊಳೋಕಾಗಲ್ವಾ?"

ಕಾಡಪ್ಪ ಬೆನ್ನ ಹಿಂದಿದ್ದ ಕೈಯನ್ನು ಮುಂದೆ ತಂದ. ಹಳೆಯ ಪೇಪರಿನಲ್ಲಿ ಸುತ್ತಿದ ಸೇವಂತಿಗೆ ಹಾರ. "ಊವ ತಂದಿದ್ದೆ ಸಾರ್. ಆಕ್ಬೋದಾ?"

ಅಮರೇಶ್ ದಾರಿ ಬಿಟ್ಟ. ಕಾಡಪ್ಪ ಹಾರ ಹಾಕಿ, ಪಕ್ಕದ ಪುಸ್ತಕವನ್ನು ನೋಡಿದ. "ಅಯ್ಯೋ, ಇದನ್ನ ಮಡಗಿದ್ದೀರಾ?" ಎಂದ. ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕುಳಿತ.

*

ಮದುವೆಯಾಗಿ ಊರು ಬಿಟ್ಟು ಬಂದ ಮೊದಲ ಎಳ್ಳಮಾಸಿ, ಹೊಲದಲ್ಲಿ ಕುಳಿತು ಉಣ್ಣುವ ಎಳ್ಳು ಅಮಾವಾಸ್ಯೆ. ಹೊಲವಿಲ್ಲದ ಊರಿನಲ್ಲಿ, ಒಂದೇ ಒಲೆಯ ಗ್ಯಾಸಿನ ಮೇಲೆ ಚನ್ನಬಸಮ್ಮ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಮಾಡಿದ್ದರು. ಪುಂಡಿ ಸೊಪ್ಪನ್ನು ಯಶವಂತಪುರದ ಸಂತೆಯಲ್ಲಿ ಹುಡುಕಿ ತಂದಿದ್ದರು.

ಇರಣ್ಣ ಪೀಣ್ಯದ ಕಾರ್ಖಾನೆಯಿಂದ ಸಂಜೆ ಪೇಪರು ಹಿಡಿದು ಬಂದರು. ಕೈಕಾಲು ತೊಳೆದು ಕುಳಿತರು. ಇನ್ನೂ ಬಡಿಸದ ತಟ್ಟೆಯನ್ನು ನೋಡಿದರು. ಆಮೇಲೆ ಅದನ್ನು ಮೆಲ್ಲಗೆ ಬೋರಲು ಹಾಕಿದರು.

"ಯಾಕ್ರೀ?"

"ಇವತ್ತ ಬ್ಯಾಡ."

"ಉಪ್ಪು ಹೆಚ್ಚಾತೇನು ಅಂತ ತಿಂದರೆ ನೋಡ್ರಿ."

"ನೀ ಊಟ ಮಾಡು," ಎಂದು ಎದ್ದು ಹೋಗಿ, ಒಂದು ಪುಸ್ತಕ ತೆಗೆದು ಗೋಡೆಗೆ ಮುಖ ಮಾಡಿ ಕುಳಿತರು.

ಆಮೇಲೂ ವರ್ಷದಲ್ಲಿ ಒಮ್ಮೆಯೋ ಎರಡು ಬಾರಿಯೋ ತಟ್ಟೆ ಬೋರಲಾಗುತ್ತಿತ್ತು. ಚನ್ನಬಸಮ್ಮ ಖಾರ ಕಡಿಮೆ ಮಾಡಿ ನೋಡಿದರು, ಎಣ್ಣೆ ಬದಲಿಸಿ ನೋಡಿದರು. ಪುಂಡಿಪಲ್ಯವನ್ನಂತೂ ಮತ್ತೆ ಮಾಡಲೇ ಇಲ್ಲ. ತನ್ನ ಕೈಯಡುಗೆ ಈ ಮನುಷ್ಯನಿಗೆ ಹಿಡಿಸಿಲ್ಲ, ಬಹುಶಃ ತಾನೂ ಹಿಡಿಸಿಲ್ಲ ಎಂದುಕೊಂಡು, ಹೌದೋ ಅಲ್ಲವೋ ಎಂದು ಕೇಳದೆಯೇ ಬದುಕಿದರು.

*

ಮಾದನಾಯಕನಹಳ್ಳಿ ದಾಟಿ ರುದ್ರಭೂಮಿಯಲ್ಲಿ ಎಲ್ಲ ಮುಗಿಸಿ ಬರುವಾಗ ನಾಲ್ಕೂವರೆ. ಗೋಡೆಯ ಮೇಲೆ ಇರಣ್ಣನವರ ಬೆನ್ನಿನ ಉದ್ದಕ್ಕೂ ವಿಭೂತಿಯ ಗುರುತು ಉಳಿದಿತ್ತು. ಅದರ ಕೆಳಗೆ ಆ ಎರಡು ಪುಸ್ತಕಗಳು.

ಅಮರೇಶ್ ಮೆಟ್ಟಿಲ ಬಳಿ ಕಾಡಪ್ಪನಿಗೆ ಲೋಟದಲ್ಲಿ ಟೀ ಕೊಟ್ಟ. "ಬೆಳಿಗ್ಗೆ ಏನೋ ಅಂದ್ಬಿಟ್ಟೆ. ಬೇಜಾರ್ ಮಾಡ್ಕೋಬೇಡಿ."

"ಬುಡಿ ಸಾರ್. ಚೀಲ ನೋಡಿದ್ರೆ ಯಾರಾದ್ರೂ ಅಂಗೇ ಅಂತಾರೆ." ಅವನು ಒಳಗೆ ಇಣುಕಿದ. "ಅಮ್ಮಾ, ಆ ಮೇಲಿನ ಬುಕ್ಕು ಮಾತ್ರ ಯಾರಿಗೂ ಕೊಡ್ಬೇಡಿ. ನನಗೂ ಕೊಡ್ಬೇಡಿ."

"ಏನೈತಿ ಅದ್ರಾಗ?"

ಕಾಡಪ್ಪ ಟೀ ಲೋಟವನ್ನು ಕೆಳಗಿಟ್ಟ. "ಯಜಮಾನ್ರು ಫ್ಯಾಕ್ಟ್ರೀಲಿ ಇನ್ಸ್‌ಪೆಕ್ಸನ್ನು ಅಲ್ವರಾ? ಇಮಾನಕ್ಕೋಗೋ ಸಣ್ಣ ಸಣ್ಣ ಬುಸ್ಸು, ಉಂಗ್ರದಂಗಿರೋ ಪಾರ್ಟು. ಸರೀಗೈತೆ ಅಂತ ಇವ್ರು ಗುರುತು ಆಕಿದ್ರೇ ಒರಗೋಗದು. ಅದು ಯಾವ ಇಮಾನಕ್ಕೋಯ್ತು ಅಂತ ಯಾರೂ ಯೋಳಲ್ಲ. ಎಲ್ಲಾದ್ರೂ ಇಮಾನ ಬಿತ್ತು ಅಂತ ಪೇಪರಲ್ಲಿ ಬಂದ್ರೆ, ಆ ಬುಕ್ಕು ಇಡ್ಕಂಡು ನಮ್ಮಂಗಡೀಗೆ ಬಂದು ಸುಮ್ಕೆ ಕುಂತ್ಕಳೋರು. ಒಂದು ಗುಟುಕು ನೀರೂ ಕುಡೀತಿರ್ಲಿಲ್ಲ."

ಚನ್ನಬಸಮ್ಮ ಬಾಗಿಲಿಗೆ ಬಂದರು. "ನನಗ ಒಂದಿನಾನೂ ಹೇಳಲಿಲ್ಲಲ್ಲಪ್ಪಾ."

"ನಾನೂ ಕೇಳ್ದೆ, ಮನೇಲಿ ಯೋಳ್ಬಾರ್ದಾ ಅಂತ. ತಲೆ ಮೇಲೆ ಇಮಾನ ಓದಾಗೆಲ್ಲ ಅವಳೂ ಎದರ್ಕತಾಳೆ, ನಂಗೊಬ್ಬಂಗೆ ಸಾಕು ಅಂದ್ರು."

ಅವನು ಹೋದ ಮೇಲೆ ಚನ್ನಬಸಮ್ಮ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡರು. ನಮ್ಮ ವಾಯುಪಡೆಯ ಪುಟ ತಾನಾಗಿಯೇ ತೆರೆಯಿತು. ವಿಮಾನಗಳ ಹೆಸರಿನ ಮುಂದೆ ಅಚ್ಚಾಗಿದ್ದ ಅಂಕಿಗಳನ್ನು ಹೊಡೆದು ಪೆನ್ಸಿಲಿನಲ್ಲಿ ಒಂದು ಕಡಿಮೆ ಬರೆದಿದ್ದರು. ಅದನ್ನೂ ಹೊಡೆದು ಮತ್ತೊಂದು ಕಡಿಮೆ. ಅಂಚಿನಲ್ಲಿ ಇರಣ್ಣನವರ ಸಣ್ಣ ಕನ್ನಡ ಅಕ್ಷರ: 'ಸೋಮವಾರ. ಒಬ್ಬರು ಹೋದರು.' 'ಹಾರಿ ಬದುಕಿದರು.' ಎಲ್ಲಕ್ಕಿಂತ ಮೇಲೆ, ಮಾಸಿಹೋದ ಒಂದು ಸಾಲು: 'ಎಳ್ಳಮಾಸಿ. ಇಬ್ಬರು.'

ಆ ಸಾಲಿನ ಮೇಲೆ ಅವರು ಬೆರಳಿಟ್ಟರು.

ದೀಪ ಹಚ್ಚುವ ಹೊತ್ತಿಗೆ ಶೇಖವ್ವ ಡಬ್ಬಿ ಹಿಡಿದು ಬಂದಳು. "ಯಕ್ಕಾ, ಮುಂಜಾನಿಂದ ಹೊಟ್ಟ್ಯಾಗ ಏನಿಲ್ಲ. ಬಿಸಿ ರೊಟ್ಟಿ ಅದಾವ. ಪುಂಡಿಪಲ್ಯ ಮಾಡೀನಿ, ನಿಮ್ಮನ್ಯಾಗ ಮಾಡಂಗಿಲ್ಲ ಅಂತ ಗೊತ್ತೈತಿ, ಆದ್ರ ಇವತ್ತ ಅದ ಇತ್ತು."

"ಭಾಳ ಚೊಲೊ ಮಾಡಿದಿ ತಂಗಿ. ಮುಚ್ಚಿಡು. ನಾಳಿಗೆ ಉಣ್ತೀನಿ."

"ಈಗ ಒಂದು ತುತ್ತು..."

ಚನ್ನಬಸಮ್ಮ ಎದ್ದು, ಅಡುಗೆಮನೆಯಿಂದ ತಮ್ಮ ತಟ್ಟೆಯನ್ನು ತಂದರು. ವಿಭೂತಿಯ ಗುರುತಿದ್ದ ಗೋಡೆಗೆ ಮುಖ ಮಾಡಿ ಕುಳಿತು, ಸದ್ದಾಗದ ಹಾಗೆ ಅದನ್ನು ಬೋರಲು ಹಾಕಿದರು.