ಸುಟ್ಟ ಕಡ್ಡಿಗಳ ಕಟ್ಟೆ

ಕಾಲುವೆಗೆ ನೀರು ಬಿಡುವ ಮೊದಲು ಹಳ್ಳದಲ್ಲಿರುವ ಬೀವರ್ ಕಟ್ಟೆಗಳನ್ನೆಲ್ಲ ಕಿತ್ತುಹಾಕುವುದು ಐಡಾಹೊದಲ್ಲಿ ದನ ಸಾಕುವ ನಮ್ಮಂಥವರ ಹಳೇ ರೂಢಿ. ಮೇ ತಿಂಗಳ ಮೊದಲ ಶನಿವಾರ ತಮ್ಮ ಆರಿನ್ ಸರಪಳಿ ಹಿಡಿದು ಬರುತ್ತಾನೆ. ಅವನು ಟ್ರ್ಯಾಕ್ಟರ್ ಮೇಲೆ, ನಾನು ದಂಡೆ ಮೇಲೆ. ಮೂವತ್ತು ವರ್ಷ ಅವನನ್ನು ಬೈದು ಬೈದು ಮಾಡಿಸಿದ್ದೇನೆ. ಹಲ್ಲಿನಿಂದ ಮರ ಕಡಿದು ನೀರಿಗೆ ಅಡ್ಡ ಹಾಕುವುದು ಬಿಟ್ಟರೆ ಈ ಪ್ರಾಣಿಗಳಿಗೆ ಬೇರೆ ಕಸುಬೇ ಇಲ್ಲ, ಹುಲ್ಲುಗಾವಲೆಲ್ಲ ಕೆಸರು ಎಂದು ರೇಗಿದ್ದೇನೆ.

ಹೋದ ಆಗಸ್ಟಿನಲ್ಲಿ ಕಾಡಿನ ಬೆಂಕಿ ಇಳಿದು ಬಂತು. ಪಕ್ಕದ ಲೆಟಿ ಸೋಮಾರಿ, ಕಟ್ಟೆ ಕೀಳಿಸಿದವಳಲ್ಲ. ಬೆಂಕಿ ಅವಳ ಹಸಿ ನೆಲದ ಅಂಚಿಗೆ ಬಂದು ಆರಿತು. ಅವಳ ದನಗಳು ಆ ಕೆಸರಿನಲ್ಲೇ ನಿಂತು ಬದುಕಿದವು. ನಮ್ಮ ಹಳ್ಳದ ದಂಡೆ ವಿಲ್ಲೋ ಪೊದೆಗಳ ಸಮೇತ ಬೂದಿಯಾಯಿತು. ಹನ್ನೊಂದು ಹಸುಗಳನ್ನು ಹೂಳಿದೆವು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ವನ್ಯಜೀವಿ ಕಚೇರಿಗೆ ಹೋಗಿ, ಒಂದು ಜೋಡಿ ಬೀವರ್ ತಂದು ಬಿಡಿ ಎಂದು ಗೋಗರೆದೆ.

"ತಿನ್ನೋಕೆ ಏನಿದೆಯಮ್ಮ ನಿಮ್ಮಲ್ಲಿ? ಮೊದ್ಲು ಗಿಡ ಚಿಗುರ್ಲಿ," ಎಂದ ಅಧಿಕಾರಿ.

"ಕಟ್ಟೆ ಇಲ್ದೆ ನೀರು ನಿಲ್ಲಲ್ಲ, ನೀರಿಲ್ದೆ ಗಿಡ ಚಿಗುರಲ್ಲ ಕಣಪ್ಪ!"

"ನಿಯಮ ನಾನು ಬರ್ದಿದ್ದಲ್ಲ."

ಸಿಟ್ಟಿಗೆ ಅಲ್ಲಿದ್ದ ಕುರ್ಚಿ ಒದ್ದು ಬಂದೆ. ಒಂದು ವಾರ ನನ್ನದೇ ಕಾಲ್ಬೆರಳು ನೋಯುತ್ತಿತ್ತು.

ಏಪ್ರಿಲ್‌ನಲ್ಲಿ ಯಾರೂ ಕರೆಯದೆ ಒಂದು ಜೋಡಿ ಬಂತು. ತಿನ್ನಲು ಗತಿಯಿಲ್ಲದ ಕಡೆ ಬಂದ ಹುಚ್ಚು ಮುಂಡೇವು! ಸುಟ್ಟ ಕಡ್ಡಿಗೆ ಬೂದಿಗೆಸರು ಮೆತ್ತಿ ಕಪ್ಪು ಕಟ್ಟೆ ಎಬ್ಬಿಸಿದವು. ನಾನು ಗುಡ್ಡದಾಚೆಯಿಂದ ಆಸ್ಪೆನ್ ಮರದ ಕೊಂಬೆ ಕಡಿದು ಪಿಕಪ್‌ನಲ್ಲಿ ತಂದು ದಡಕ್ಕೆ ಹಾಕುತ್ತಿದ್ದೆ. ಮರುದಿನ ನೋಡಿದರೆ ತೊಗಟೆ ಖಾಲಿ. ನೀರು ಮೊಣಕಾಲಿನವರೆಗೆ ನಿಂತಿತು. ಸುಟ್ಟ ವಿಲ್ಲೋ ಬುಡದಲ್ಲಿ ಎರಡು ಚಿಗುರು ಕಂಡ ದಿನ ಅತ್ತುಬಿಟ್ಟೆ. ಈ ಬೀವರ್‌ಗಳ ವಿಷಯ ಆರಿನ್‌ಗೂ ಹೇಳಲಿಲ್ಲ. ಮೂವತ್ತು ವರ್ಷ ಬೈದ ಬಾಯಲ್ಲಿ ಹೇಗೆ ಹೇಳುವುದು ಎಂಬ ಹಾಳು ಬಿಗುಮಾನ.

ಒಂದು ದಿನ ಕೊಂಬೆ ತುಂಬಿಕೊಂಡು ಬಂದರೆ ಹಳ್ಳದಲ್ಲಿ ಟ್ರ್ಯಾಕ್ಟರ್ ಸದ್ದು. ಆರಿನ್ ಸರಪಳಿ ಸುತ್ತಿಡುತ್ತಿದ್ದಾನೆ. ಕಟ್ಟೆ ಇದ್ದಲ್ಲಿ ಕಪ್ಪು ನೀರು ರಭಸವಾಗಿ ಹರಿದುಹೋಗುತ್ತಿದೆ.

"ಏನ್ ಮಾಡಿದ್ಯೋ ಅಯೋಗ್ಯ!"

ಅವನು ಬೆಪ್ಪಾಗಿ ನೋಡಿದ. "ಯಾಕಕ್ಕ? ಇವತ್ತು ಮೊದಲ್ನೇ ಶನಿವಾರ ಅಲ್ವಾ? ಈ ಸಲ ನೀನು ಬೈಯೋಕ್ ಮುಂಚೇನೇ ಮುಗಿಸ್ಬಿಟ್ಟೆ."

ಬೈಯಲು ಬಾಯಿ ತೆರೆದೆ.

ಅವನು ಪಿಕಪ್‌ನಲ್ಲಿದ್ದ ಹಸಿ ಕೊಂಬೆಗಳತ್ತ ನೋಡಿ ಕೇಳಿದ. "ಇದೆಲ್ಲ ಯಾರಿಗಕ್ಕ?"